ಚಿತ್ರವೂ ಬರಲ್ಲ, ಹಾಡೂ ಬರಲ್ಲ, ಪಾಠದಲ್ಲಿ ಕಲೆ ಸೇರಿಸೋದು ಹೇಗೆ?

ಪ್ರಶ್ನೆ, ಹೊಳಲ್ಕೆರೆ ತಾಲ್ಲೂಕಿನಿಂದ

ಎಲ್ಲರಿಗೂ ನಮಸ್ಕಾರ. ಈ ವರ್ಷ ಇಲ್ಲಿನ ಒಂದು ಸರ್ಕಾರಿ ಶಾಲೆಗೆ ಬಂದಿದ್ದೇನೆ. ನಾಲ್ಕು ಮತ್ತು ಐದನೇ ತರಗತಿ ಒಂದೇ ಕೊಠಡಿಯಲ್ಲಿ. ಡ್ರಾಯಿಂಗ್ ಮಾಸ್ಟರ್ ಇಲ್ಲ, ಸಂಗೀತದವರಂತೂ ಇಲ್ಲವೇ ಇಲ್ಲ. ಕಲಾ ಸಂಯೋಜಿತ ಕಲಿಕೆ ಮಾಡಿ, ಅಂದರೆ ಕಲೆಯ ಮೂಲಕವೇ ಪಾಠ ಕಲಿಸಿ ಅಂತ ತರಬೇತಿಯಲ್ಲಿ ಹೇಳಿದರು, ಪಾಠ ಯೋಜನೆಯಲ್ಲೂ ತೋರಿಸಬೇಕು. ನಾನು ಹಸು ಬರೆದರೆ ಮಕ್ಕಳು ನಾಯಿ ಅನ್ನುತ್ತಾರೆ. ಸಿಲಬಸ್ಸನ್ನೂ ಮುಗಿಸಿಕೊಂಡು ನೀವೆಲ್ಲ ಇದನ್ನು ಹೇಗೆ ಮಾಡುತ್ತಿದ್ದೀರಿ? ನಡೆದದ್ದನ್ನೇ ಹೇಳಿ, ಪಿಡಿಎಫ್ ಕಳಿಸಬೇಡಿ ಪ್ಲೀಸ್.

ದಾವಣಗೆರೆಯಿಂದ

ಮೇಡಂ, ಹಸು ನಾಯಿಯಾದರೂ ಪರವಾಗಿಲ್ಲ. ಬರೆಯಬೇಕಾದವರು ಮಕ್ಕಳು, ನೀವಲ್ಲ.

ಪಾಠ ಮುಗಿದ ಮೇಲೆ ಅದರ ಚಿತ್ರ ಬರೆಸಿ ಬಣ್ಣ ತುಂಬಿಸುವುದು, ಮಗ್ಗಿಗೆ ಒಂದು ರಾಗ ಹಾಕುವುದು, ಬಹಳ ಕಡೆ ಇದನ್ನೇ ಕಲಾ ಸಂಯೋಜನೆ ಅಂತ ದಾಖಲೆಯಲ್ಲಿ ಬರೆಯುತ್ತಾರೆ. ಮಾಡಬಾರದು ಅಂತಲ್ಲ. ಆದರೆ ಆ ಚಿತ್ರ ತೆಗೆದುಬಿಟ್ಟರೂ ಪಾಠಕ್ಕೆ ಏನೂ ಕಡಿಮೆಯಾಗುವುದಿಲ್ಲ ಅಲ್ವಾ? ಕಲೆ ಇಲ್ಲದಿದ್ದರೆ ಪಾಠವೇ ಮುಂದೆ ಹೋಗಬಾರದು, ಅಂಥ ಜಾಗ ಹುಡುಕಿ. ಎಲ್ಲ ಪಾಠದಲ್ಲೂ ಸಿಗುವುದಿಲ್ಲ. ಸಿಕ್ಕಷ್ಟು ಸಾಕು.

ನಾನು ಪ್ರತಿ ವರ್ಷ ಬಿಡದೆ ಮಾಡಿಸುವುದು ಚುಕ್ಕಿ ರಂಗೋಲಿ. ಅಂಗಳದಲ್ಲಿ 1, 3, 5, 7, 5, 3, 1 ಅಂತ ಚುಕ್ಕಿ ಇಡಿಸಿ. ಚುಕ್ಕಿಯ ಕೆಳಗೆ ಚುಕ್ಕಿ ಬರುವ ನೇರ ಚುಕ್ಕಿ, ಎರಡು ಚುಕ್ಕಿಯ ಸಂದಿಗೆ ಒಂದು ಬರುವ ಸಂದು ಚುಕ್ಕಿ ಅಲ್ಲ. ಒಂದೊಂದಾಗಿ ಎಣಿಸದೆ ಒಟ್ಟು ಎಷ್ಟು ಅಂತ ಕೇಳಿ. ಕೂಡಿ 25 ಅನ್ನುತ್ತಾರೆ. ಆಮೇಲೆ ಮೇಲಿನ ತುದಿಯ ಚುಕ್ಕಿಯಿಂದ ಶುರು ಮಾಡಿ ಒಂದು ಬಿಟ್ಟು ಒಂದಕ್ಕೆ ಕೆಂಪು ಹಾಕಿಸಿ, ಅಡ್ಡ ನೋಡಿದರೂ ಉದ್ದ ನೋಡಿದರೂ ಕೆಂಪಿನ ಪಕ್ಕ ಕೆಂಪು ಬರಬಾರದು. ಕೆಂಪು 16 ಆಗುತ್ತವೆ, ಬಿಳಿ 9 ಉಳಿಯುತ್ತವೆ. ಈಗ ಅವರನ್ನು ಮೂಲೆ ಕಡೆಗೆ ಕರೆದು ಓರೆಯಾಗಿ ನೋಡಲು ಹೇಳಿ. ಕೆಂಪಿನದು ನಾಲ್ಕು ಸಾಲು, ಸಾಲಿಗೆ ನಾಲ್ಕು. ಬಿಳಿಯದು ಮೂರು ಸಾಲು, ಸಾಲಿಗೆ ಮೂರು. ಎರಡು ಚೌಕ ಒಂದರೊಳಗೊಂದು ಕೂತಿರುತ್ತವೆ! ಇದು ಯಾರಿಗೆ ಮೊದಲು ಕಾಣುತ್ತದೋ ಆ ಮಗು ಕುಣಿದಾಡಿಬಿಡುತ್ತದೆ, ಉಳಿದವರು ತಮಗೂ ಕಾಣುವವರೆಗೆ ಅಲ್ಲಿಂದ ಕದಲುವುದಿಲ್ಲ. ನನ್ನ ತರಗತಿಯಲ್ಲಿ ಮೊದಲು ಕಂಡದ್ದು ಲೆಕ್ಕದಲ್ಲಿ ಹಿಂದಿದ್ದ ಒಬ್ಬ ಹುಡುಗಿಗೆ. ಮನೆ ಮುಂದೆ ದಿನಾ ರಂಗೋಲಿ ಹಾಕುವವಳು ಅವಳೇ. ಐದನೇ ತರಗತಿಗೆ ಸಂದು ಚುಕ್ಕಿ ಕೊಡಿ, 4, 5, 6, 7, 6, 5, 4. ಒಟ್ಟು 37 ಬರುತ್ತದೆ, ಅಲ್ಲಿ ಚೌಕ ಕಾಣುವುದಿಲ್ಲ, ಷಟ್ಕೋನ ಕಾಣುತ್ತದೆ. ಯಾಕೆ ಅಂತ ಅವರೇ ಜಗಳ ಆಡಲಿ. ರಂಗೋಲಿ ಹುಡುಗಿಯರದು ಅಂತ ಹುಡುಗರು ಮೂಗು ಮುರಿಯುತ್ತಾರೆ, ಕೈಗೆ ಸೀಮೆಸುಣ್ಣ ಕೊಟ್ಟರೆ ಸುಮ್ನಾಗುತ್ತಾರೆ.

ಮಳೆ ಬಂದ ದಿನ ತಾಳ. ಅರ್ಧ ತರಗತಿ 3ರ ಮಗ್ಗಿಗೆ ಚಪ್ಪಾಳೆ, ಇನ್ನರ್ಧ 4ರ ಮಗ್ಗಿಗೆ ಕಾಲು ಬಡಿಯುವುದು, ಎಲ್ಲರೂ 1ರಿಂದ ಜೋರಾಗಿ ಎಣಿಸುವುದು. 12ಕ್ಕೆ ಎರಡೂ ಒಟ್ಟಿಗೆ ಬೀಳುತ್ತವೆ, ಮತ್ತೆ 24ಕ್ಕೆ, 36ಕ್ಕೆ. ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಅನ್ನುವ ಹೆಸರು ಆಮೇಲೆ ಹೇಳಿದರೆ ಸಾಕು. ಪಕ್ಕದ ತರಗತಿಯವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ.

ಚಿತ್ರದುರ್ಗ ನಗರದಿಂದ

ಮೇಲಿನ ಸರ್ ಹೇಳಿದ್ದು ಸರಿ, ಆದರೆ ಸಮಯದ ಮಾತೇ ಬರಲಿಲ್ಲ. ಇಂಥದ್ದೊಂದು ಮಾಡಿದರೆ ಎರಡು ಪೀರಿಯಡ್ ಹೋಗುತ್ತದೆ. ಅದಕ್ಕೆ ನಾನು ಎರಡು ವಿಷಯ ಸೇರಿಸಿಯೇ ಮಾಡುವುದು.

ನಮಗೆ ಕೋಟೆ ಹತ್ತಿರ. ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ, ಓಬವ್ವನ ಕಿಂಡಿ ತೋರಿಸುತ್ತೇವೆ, ಗೈಡ್ ಹೇಳಿದ ಕಥೆ ಕೇಳುತ್ತೇವೆ, ಚುರುಮುರಿ ತಿಂದು ವಾಪಸ್. ಮರುದಿನ ಪ್ರಬಂಧ ಬರೆಯಿರಿ ಅಂದರೆ ಎಲ್ಲರದೂ ಒಂದೇ ಥರ. ಈಗ ಪ್ರಬಂಧ ಬಿಟ್ಟು ಕೆರೆಯ ಜೇಡಿಮಣ್ಣು ತರಿಸಿ ಗುಂಪಿಗೊಂದು ಕೋಟೆ ಮಾಡಿಸುತ್ತೇನೆ. ಮೊದಲು ಎಲ್ಲರೂ ಬಾಗಿಲ ಹಿಂದೆ ಬಾಗಿಲು ಅಂತ ನೇರವಾಗಿ ಕಟ್ಟುತ್ತಾರೆ. ಆಗ ನಾನು ಕೇಳುವುದು ಒಂದೇ ಪ್ರಶ್ನೆ: ಹೈದರಾಲಿಯ ಆನೆ ಓಡಿ ಬಂದು ಗುದ್ದಿದರೆ? ಗೋಡೆ ಕಿತ್ತು ತಿರುವು ಮಾಡುತ್ತಾರೆ, ಆನೆಗೆ ಓಡಲು ಜಾಗ ಸಿಗಬಾರದು ಅಂತ ಅಳತೆ ಹಾಕುತ್ತಾರೆ. ನಿಜವಾದ ಕೋಟೆಯಲ್ಲಿ ದಾರಿ ಹಾಗೇ ಹೊರಳಿ ಹೊರಳಿ ಹೋಗುತ್ತದೆ ಅಂತ ಆಗ ನೆನಪಾಗುತ್ತದೆ. 1779ರಲ್ಲಿ ಅದು ಕೊನೆಗೂ ಹೈದರಾಲಿ ಕೈಗೆ ಹೋಯಿತು ಅಂದಾಗ, ಇಷ್ಟೆಲ್ಲ ಮಾಡಿದರೂ ಹೆಂಗೆ ಹೋಯ್ತು ಮಿಸ್ ಅಂತ ಕೇಳುತ್ತಾರೆ. ಪ್ರಬಂಧ ಬರೆಸುತ್ತಿದ್ದಾಗ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಆಮೇಲೆ ಬೆಂಚಿನ ಮೇಲೆ ನಿಂತು ತಮ್ಮ ಕೋಟೆಯನ್ನು ಮೇಲಿನಿಂದ ನೋಡಿ ಬರೆಯಬೇಕು. ಅಲ್ಲಿಗೆ ನಕ್ಷೆ ಪಾಠವೂ ಆಯಿತು. ಪರಿಸರ ಅಧ್ಯಯನದಲ್ಲಿ ಎರಡು ಕೆಲಸ ಒಟ್ಟಿಗೆ ಮುಗಿದವು, ಸಮಯ ಹೋಯಿತು ಅನ್ನುವ ಹಾಗಿಲ್ಲ.

ಇನ್ನೊಂದು, ಚೆಂದಕ್ಕೆ ಅಂಕ ಕೊಡಬೇಡಿ. ಕೋಟೆ ಸೊಟ್ಟಗಿದ್ದರೂ ತಿರುವು ಯಾಕೆ ಅಂತ ಹೇಳಿದ ಗುಂಪಿಗೇ ಜಾಸ್ತಿ ಕೊಡಿ. ಚೆಂದಕ್ಕೆ ಅಂಕ ಅಂದ ಕೂಡಲೇ ಥರ್ಮಕೋಲ್ ಕೋಟೆಗಳು ಅಪ್ಪ ಅಮ್ಮನ ಕೈಯಲ್ಲಿ ತಯಾರಾಗಿ ಬರುತ್ತವೆ.

ಚಳ್ಳಕೆರೆ ತಾಲ್ಲೂಕಿನಿಂದ

ನಮ್ಮದು ಗೊಲ್ಲರಹಟ್ಟಿ ಪಕ್ಕದ ಶಾಲೆ. ಸಾವಿರಾರು ಪದ ಬಾಯಲ್ಲೇ ಇಟ್ಟುಕೊಂಡಿದ್ದ ಸಿರಿಯಜ್ಜಿಯ ಸೀಮೆ ಇದು, ಆದರೂ ನಮ್ಮ ಶಾಲೆಗಳಲ್ಲಿ ಹಾಡು ಅಂದರೆ ಮೊಬೈಲ್‌ಗೆ ಸ್ಪೀಕರ್ ಹಚ್ಚುವುದು. ಊರಿನ ಒಬ್ಬ ಅಜ್ಜಿಯನ್ನು ಕರೆಸಿ ಸೋಬಾನೆ ಪದ ಹೇಳಿಸಿದೆವು. ಮಕ್ಕಳ ಕೆಲಸ ಕೇಳಿದ್ದನ್ನು ಕೇಳಿದ ಹಾಗೇ ಬರೆಯುವುದು. ಒತ್ತಕ್ಷರ ಎಲ್ಲಿ, ದೀರ್ಘ ಎಲ್ಲಿ ಅಂತ ತಲೆ ಕೆಡಿಸಿಕೊಂಡು "ಅಜ್ಜಿ ಇನ್ನೊಂದ್ಸಲ ಹೇಳು" ಅಂತ ಅವರನ್ನು ಬಿಡಲೇ ಇಲ್ಲ. ಉಕ್ತಲೇಖನ ಅಂದರೆ ಮುಖ ಗಂಟಿಕ್ಕುವ ಮಕ್ಕಳೇ ಇವರು. ಒಂದು ಎಚ್ಚರಿಕೆ: ಗಣೆ ಅನ್ನುವ ಬಿದಿರಿನ ಕೊಳಲು, ಗೊಲ್ಲರ ದೇವರು ಜುಂಜಪ್ಪನ ಪದ ಇವೆಲ್ಲ ದೇವರ ಕೆಲಸಕ್ಕೆ ಸೇರಿದವು. ಶಾಲೆಯಲ್ಲಿ ಬೇಕು ಅಂತ ಹಠ ಮಾಡಬೇಡಿ, ಹಟ್ಟಿಯ ಹಿರಿಯರನ್ನು ಕೇಳಿ.

ಹೊಸದುರ್ಗದಿಂದ

ನಾಟಕ ಯಾರೂ ಹೇಳಲಿಲ್ಲವಲ್ಲ! ಪಕ್ಕದಲ್ಲೇ ಸಾಣೇಹಳ್ಳಿ ಇದೆ, 1997ರಿಂದ ಶಿವಸಂಚಾರದವರು ನಾಡೆಲ್ಲ ತಿರುಗಿ ನಾಟಕ ಆಡುತ್ತಿದ್ದಾರೆ. ನಾಟಕೋತ್ಸವಕ್ಕೆ ಮಕ್ಕಳನ್ನು ಒಂದು ಸಂಜೆ ಕರೆದುಕೊಂಡು ಹೋಗಿ. ತರಗತಿಯಲ್ಲಿ ಮಾತ್ರ ವೇಷ, ಪರದೆ ಏನೂ ಬೇಡ. ಕಥೆಯ ಮಧ್ಯದಲ್ಲಿ ನಿಲ್ಲಿಸಿ ಸ್ಟ್ಯಾಚ್ಯೂ ಅನ್ನಿ. ನಿಂತವರ ಹೆಗಲು ಮುಟ್ಟಿದರೆ ಆ ಪಾತ್ರದ ಮನಸ್ಸಿನಲ್ಲಿ ಏನಿದೆ ಅಂತ ಒಂದೇ ವಾಕ್ಯ ಹೇಳಬೇಕು. ನಮ್ಮಲ್ಲಿ ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತಾಡುವವರು, ಕನ್ನಡ ಪಾಠದಲ್ಲಿ ಬಾಯಿ ಬಿಡುತ್ತಿರಲಿಲ್ಲ. ಹಳೇ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದು ಗೊಂಬೆ ಮಾಡಿ ಕೊಟ್ಟೆ. ಗೊಂಬೆ ಮಾತಾಡುತ್ತದೆ, ತಪ್ಪಾದರೆ ಗೊಂಬೆಯದು ತಪ್ಪು. ಮೊದಲು ಲಂಬಾಣಿಯಲ್ಲೇ ಹೇಳಲಿ, ಅವಸರ ಮಾಡಬೇಡಿ.

ಶಾಲಾ ಮಕ್ಕಳ ಸ್ಪರ್ಧೆ ಪ್ರತಿಭಾ ಕಾರಂಜಿ ಬಗ್ಗೆ ಒಂದು ಮಾತು. ಅದಕ್ಕೆ ತಯಾರಿ ಮಾಡಿಸುವುದೇ ಕಲಾ ಕಲಿಕೆ ಅಂತ ಕೆಲವು ಹೆಡ್‌ಮಾಸ್ಟರ್‌ಗಳು ತಿಳಿದಿರುತ್ತಾರೆ. ಪ್ರತಿ ವರ್ಷ ಅದೇ ನಾಲ್ಕು ಮಕ್ಕಳು ವೇದಿಕೆಗೆ, ಉಳಿದವರು ಚಪ್ಪಾಳೆಗೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ರಂಗೋಲಿಯಿಂದ ಶುರು ಮಾಡುತ್ತೇನೆ. ನನ್ನ ಮಕ್ಕಳು ಮೂರನೇ ತರಗತಿಯವರೆಗೆ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಹಾಡು, ಆಟ ಅಂತ ಇದ್ದವರು, ನಾಲ್ಕಕ್ಕೆ ಬಂದು ಸಾಲಾಗಿ ಕೂತ ಮೇಲೆ ಮಂಕಾಗಿದ್ದಾರೆ. ಅದೂ ಒಂದು ಕಾರಣ ಇರಬಹುದಾ? ಮತ್ತೆ, ಇದನ್ನೆಲ್ಲ ಪಾಠ ಯೋಜನೆಯಲ್ಲಿ ಎಲ್ಲಿ ಬರೆಯುತ್ತೀರಿ?

ದಾವಣಗೆರೆಯಿಂದ

ಹೌದು ಮೇಡಂ, ಇರಬಹುದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರುವಾದದ್ದೇ ಮಕ್ಕಳು ಸುಮ್ನೆ ಕೂತು ಕೇಳಬಾರದು ಅಂತ. ಪಾಠ ಯೋಜನೆಯಲ್ಲಿ ಬೇರೆ ಕಾಲಂ ಮಾಡಬೇಡಿ. ಕಲಿಕಾ ಫಲದ ಎದುರಿಗೆ ಚಟುವಟಿಕೆ ಅಂತ ಇರುತ್ತದಲ್ಲ, ಅಲ್ಲೇ "ಚುಕ್ಕಿ ರಂಗೋಲಿ, ವರ್ಗ ಸಂಖ್ಯೆ" ಅಂತ ಬರೆಯಿರಿ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ಕೇಳಿದರೆ ಅಂಗಳಕ್ಕೆ ಕರೆದುಕೊಂಡು ಹೋಗಿ, ಮಕ್ಕಳೇ ಹೇಳುತ್ತಾರೆ. ಬಣ್ಣದ ಪುಡಿಗೆ ದುಡ್ಡು ಹಾಕಬೇಡಿ, ಇಟ್ಟಿಗೆ ಪುಡಿ ಸಾಕು.