ಹಿತ್ತಲಿಗೊಂದು ಟ್ರ್ಯಾಂಪೊಲೀನ್

"ಹಾಳಾದ ಟ್ರ್ಯಾಂಪೊಲೀನ್!" ಎಂದು ಮೂರ್ತಿ ಫೋನನ್ನು ಮೇಜಿನ ಮೇಲೆ ಕುಕ್ಕಿದ. ಅಮೆರಿಕದ ಎಡಿಸನ್‌ನಲ್ಲಿ ಅವನು ಬಾಡಿಗೆಗೆ ಕೊಟ್ಟ ಮನೆಯ ಹಿತ್ತಲಲ್ಲಿ ಬಾಡಿಗೆಯವರು ಮಕ್ಕಳು ಹತ್ತಿ ಕುಣಿಯುವ ಈ ಸ್ಪ್ರಿಂಗ್ ಹಾಸನ್ನು ನಿಲ್ಲಿಸಿದ್ದಾರೆ. ಇನ್ಶೂರೆನ್ಸ್‌ನವರಿಂದ ಫೋಟೊ ಸಮೇತ ಕಾಗದ ಬಂದಿದೆ. ಅದನ್ನು ತೆಗೆಸಿ, ಇಲ್ಲಾ ಪಾಲಿಸಿ ರದ್ದು.

"ಊರಲ್ಲಿ ಮನೆಗೊಂದು ತುಳಸಿಕಟ್ಟೆ, ಇಲ್ಲಿ ಮನೆಗೊಂದು ಟ್ರ್ಯಾಂಪೊಲೀನ್," ಎಂದರು ರಾಯರು. "ಪ್ರದಕ್ಷಿಣೆ ಹಾಕುವವರು ಮಾತ್ರ ಇನ್ಶೂರೆನ್ಸ್‌ನವರು."

"ಮಕ್ಕಳು ಕುಣಿಯಲಿ ಬಿಡೋ," ಎಂದ ಸುಬ್ಬು.

"ಕುಣಿಯೋದು ಅವರ ಮಗು. ಕಾಲು ಮುರಿದರೆ ಕುಂಟೋದು ನಾನು!"

"ಬಾಡಿಗೆಯವರಿಗೂ ಇನ್ಶೂರೆನ್ಸ್ ಇದೆಯಲ್ಲ?" ಪದ್ದಕ್ಕ ಕೇಳಿದಳು.

"ಇದೆ. ಅದರಲ್ಲೂ ಟ್ರ್ಯಾಂಪೊಲೀನ್ ಬಿಟ್ಟು ಮಿಕ್ಕಿದ್ದಕ್ಕೆಲ್ಲ."

"ಏನಾದರೂ ಆದರೆ ನಾನೇ ಹೊಣೆ ಅಂತ ಅವರಿಂದ ಬರೆಸಿಕೋ."

"ಬರೆದುಕೊಡುತ್ತಾರಮ್ಮ," ಎಂದರು ರಾಯರು. "ಪಕ್ಕದ ಮನೆ ಹುಡುಗ ಬೇಲಿ ಹಾರಿ ಬರುತ್ತಾನಲ್ಲ, ಅವನು ಸಹಿ ಹಾಕಿ ಹಾರುತ್ತಾನಾ? ಕರೆಯದೆ ಬಂದ ಮಗು ಬಿದ್ದರೂ ಇಲ್ಲಿ ಕೇಸು ಹಾಕಬಹುದು. ಮಕ್ಕಳ ಕಣ್ಣಿಗೆ ಬೀಳುವ ಹಾಗೆ ಯಾಕೆ ಇಟ್ಟೆ ಅಂತ ಕೇಳುತ್ತಾರೆ."

ಸುಬ್ಬುಗೆ ಇದು ಹಿಡಿಸಲಿಲ್ಲ. "ಇದನ್ನು ಮಾಡಿದ ಜಾರ್ಜ್ ನಿಸ್ಸೆನ್ 1960ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಕಾಂಗರೂ ಜೊತೆ ಕುಣಿದಿದ್ದ, ಗೊತ್ತಾ? ಅವನಿಗೇನಾಯಿತು?"

"ಅವನದು ಬಿಡು. ಕಾಂಗರೂಗೆ ಇನ್ಶೂರೆನ್ಸ್ ಮಾಡಿಸಿದ್ದು ಯಾರು?"

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮನೆಯಲ್ಲಿ ಇದು ಬೇಡವೆಂದು 2012ರಲ್ಲೂ ಹೇಳಿದೆ. ಪೆಟ್ಟಾಗುವುದರಲ್ಲಿ ಮುಕ್ಕಾಲು ಪಾಲು ಒಟ್ಟಿಗೆ ಹತ್ತಿ ಕುಣಿದಾಗಲೇ. ಮೂರ್ತಿ ಇದನ್ನೆಲ್ಲ ಓದಿ ಹೇಳಿದ.

"ಹಾಗಿದ್ದರೆ ಒಬ್ಬೊಬ್ಬರೇ ಕುಣಿಯಲಿ," ಎಂದ ಸುಬ್ಬು.

"ಸರತಿಯಲ್ಲಿ ನಿಂತು ಕುಣಿಯುವ ಮಗುವನ್ನು ನೀನು ನೋಡಿದ್ದೀಯಾ?" ರಾಯರು ನಕ್ಕರು.

ಪದ್ದಕ್ಕ ಸುಮ್ಮನಾಗಿದ್ದಳು. ಆಮೇಲೆ ಹೇಳಿದಳು: "ಮೈಸೂರಲ್ಲಿ ನಾವು ಬಾಡಿಗೆಗಿದ್ದ ಮನೆಯಲ್ಲಿ ಸೀಬೆಮರ ಇತ್ತು. ಅದರ ಮೇಲಿಂದ ಬಿದ್ದರೆ ಓನರ್ ಅಜ್ಜಿ ಬೈಯುತ್ತಲೇ ಅರಿಶಿನ ಹಚ್ಚುತ್ತಿದ್ದರು. ಮರ ಕಡಿಸೋ ಮಾತು ಎತ್ತಲೇ ಇಲ್ಲ."

"ಈಗ ಮೂರ್ತಿ ಅರಿಶಿನ ಹಚ್ಚಲಿ ನೋಡೋಣ," ಎಂದರು ರಾಯರು. "ತಪ್ಪು ಒಪ್ಪಿಕೊಂಡ ಹಾಗಾಗುತ್ತೆ, ಮುಟ್ಟಲೇಬೇಡಿ ಅಂತ ವಕೀಲರು ಓಡಿ ಬರುತ್ತಾರೆ."

ಯಾರೂ ಜಾಸ್ತಿ ನಗಲಿಲ್ಲ. ಮೂರ್ತಿ ಶನಿವಾರ ಹೋಗಿ ತೆಗೆಸುತ್ತಾನಂತೆ. ಆ ಮಗುವಿಗೆ ಏನಂತ ಹೇಳಬೇಕೋ ಅವನಿಗೇ ಗೊತ್ತಿಲ್ಲ.

"ತೆಗೆಸುವ ಮುಂಚೆ ನಾವೂ ಒಂದು ಸಲ ಹತ್ತೋಣವಾ?" ಸುಬ್ಬು ಮೆಲ್ಲಗೆ ಕೇಳಿದ.

ಮೂರ್ತಿ ಅವನ ಹೊಟ್ಟೆಯನ್ನೇ ನೋಡಿದ. "ಸಹಿ ಹಾಕುತ್ತೀಯಾ?"