ಗಣಿತದ ಮೇಷ್ಟ್ರಿಲ್ಲದ ಪ್ರೌಢಶಾಲೆ: ಮಕ್ಕಳು ಒಟ್ಟಾಗಿ ಕೇಳುವುದು ಹೇಗೆ?

ಪ್ರಶ್ನೆ (ಹತ್ತನೇ ತರಗತಿ ವಿದ್ಯಾರ್ಥಿನಿ, ಶಿವಮೊಗ್ಗ ಜಿಲ್ಲೆ): ನಮ್ಮದು ಸರ್ಕಾರಿ ಪ್ರೌಢಶಾಲೆ, ಎಂಟರಿಂದ ಹತ್ತರವರೆಗೆ. ಶಾಲೆ ಶುರುವಾಗಿ ಎರಡು ತಿಂಗಳಾಯ್ತು, ಗಣಿತಕ್ಕೂ ಭೌತಶಾಸ್ತ್ರಕ್ಕೂ ಮೇಷ್ಟ್ರಿಲ್ಲ. ಅತಿಥಿ ಶಿಕ್ಷಕರನ್ನೂ ಕೊಟ್ಟಿಲ್ಲ. ಕೇಳಿದರೆ "ನಿಮ್ಮಲ್ಲಿ ಹುದ್ದೆ ಭರ್ತಿ ಇದೆ" ಅಂತಾರೆ. ಕ್ಲಾಸ್ ಬಿಟ್ಟು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಮುಂದೆ ಕೂರೋಣ ಅಂತ ಎಲ್ಲರೂ ಮಾತಾಡಿಕೊಂಡಿದ್ದೇವೆ. ಇದರಿಂದ ಕೆಲಸ ಆಗುತ್ತಾ?

ಉತ್ತರ (ನಿವೃತ್ತ ಪ್ರೌಢಶಾಲಾ ಮುಖ್ಯಶಿಕ್ಷಕರು, ತೀರ್ಥಹಳ್ಳಿ): "ಭರ್ತಿ ಇದೆ" ಅನ್ನುವ ಮಾತಿನಲ್ಲೇ ಗಂಟು ಇದೆ, ಮೊದಲು ಅದನ್ನು ಬಿಡಿಸಿ. ಅತಿಥಿ ಶಿಕ್ಷಕರನ್ನು ಕೊಡುವುದು ಖಾಲಿ ಹುದ್ದೆಯ ಲೆಕ್ಕ ನೋಡಿ. ನಿಮ್ಮ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರ ಹೆಸರು, ಸಂಬಳ ನಿಮ್ಮ ಶಾಲೆಯಲ್ಲೇ ಇದ್ದು, ಅವರು ನಿಯೋಜನೆ ಮೇಲೆ ಬೇರೆ ಕಡೆ ಕೆಲಸ ಮಾಡುತ್ತಿದ್ದರೆ ಕಾಗದದಲ್ಲಿ ಹುದ್ದೆ ತುಂಬಿದೆ, ಕರಿಹಲಗೆ ಮುಂದೆ ಯಾರೂ ಇಲ್ಲ. ಹೆರಿಗೆ ರಜೆಯಾದರೂ ಅಷ್ಟೇ. 180 ದಿನದ ರಜೆ ಅಂದರೆ ನಿಮ್ಮ ಶಾಲಾ ವರ್ಷದ ಅರ್ಧಕ್ಕಿಂತ ಹೆಚ್ಚು, ಆದರೆ ಹುದ್ದೆ ಖಾಲಿ ಅನ್ನಿಸಿಕೊಳ್ಳುವುದಿಲ್ಲ.

ಯಾವ ಕಾರಣ ಅನ್ನುವುದರ ಮೇಲೆ ಬೇಡಿಕೆಯೇ ಬದಲಾಗುತ್ತದೆ. ನಿಯೋಜನೆ ಆಗಿದ್ದರೆ "ನಿಯೋಜನೆ ರದ್ದು ಮಾಡಿ ಮೂಲ ಶಾಲೆಗೆ ಕಳಿಸಿ" ಎಂದು ಕೇಳಬೇಕು. ರಜೆ ಆಗಿದ್ದರೆ "ರಜೆ ಮುಗಿಯುವವರೆಗೆ ಹತ್ತಿರದ ಪ್ರೌಢಶಾಲೆಯ ಪಿಸಿಎಂ ಶಿಕ್ಷಕರನ್ನು ವಾರಕ್ಕೆ ಮೂರು ದಿನ ಕೊಡಿ" ಎಂದು. ನಿಜವಾಗಿ ಖಾಲಿ ಇದ್ದರೆ ಅತಿಥಿ ಶಿಕ್ಷಕರನ್ನು ಕೇಳಿ. "ನಮಗೆ ಮೇಷ್ಟ್ರು ಬೇಕು" ಎಂದಷ್ಟೇ ಬರೆದರೆ "ನೇಮಕಾತಿ ಸರ್ಕಾರದ ಹಂತದಲ್ಲಿದೆ" ಎಂಬ ಒಂದು ಸಾಲಿನ ಉತ್ತರ ಬಂದು ಕಡತ ಮುಚ್ಚುತ್ತದೆ. ಕಾಯಂ ಶಿಕ್ಷಕರನ್ನು ನೇಮಿಸುವ ಅಧಿಕಾರ ಬಿಇಒಗೆ ಇಲ್ಲ, ಹಾಗಾಗಿ ಆ ಉತ್ತರ ಸುಳ್ಳೂ ಅಲ್ಲ.

ಕ್ಲಾಸ್ ಬಿಡುವುದು ಬೇಡ, ದಯವಿಟ್ಟು. ಎಸ್ಸೆಸ್ಸೆಲ್ಸಿಗೆ ಕೂರಲು 75 ಶೇಕಡಾ ಹಾಜರಾತಿ ಬೇಕು. ಮಳೆಗಾಲದಲ್ಲಿ ಹಳ್ಳ ಬಂದು, ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ) ಮುಳುಗಿ ದಿನಗಳು ಹೇಗೂ ಹೋಗಿರುತ್ತವೆ. ಅದೂ ಅಲ್ಲದೆ, ಬಹಿಷ್ಕಾರದ ಪೆಟ್ಟು ಬೀಳುವುದು ದಿನಾ ಬಂದು ಪಾಠ ಮಾಡುತ್ತಿರುವ ಮೇಷ್ಟ್ರುಗಳ ಮೇಲೆ. ಅವರು ನಿಮ್ಮ ಕಡೆ ಇರಬೇಕು.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಸರ್, ಹಾಗಾದರೆ ನಾವು ಮಕ್ಕಳು ಮಾಡಬಹುದಾದದ್ದು ಏನು? ಬರೀ ಅರ್ಜಿ ಕೊಟ್ಟು ಕಾಯೋದಾ?

ಉತ್ತರ (ನಿವೃತ್ತ ಮುಖ್ಯಶಿಕ್ಷಕರು): ಕಚೇರಿಯಲ್ಲಿ ಯಾರ ಹತ್ತಿರವೂ ಇಲ್ಲದ ಒಂದು ದಾಖಲೆ ಮಾಡಲು ನಿಮ್ಮಿಂದ ಮಾತ್ರ ಸಾಧ್ಯ: ನಡೆಯದ ಪಿರಿಯಡ್‌ಗಳ ಲೆಕ್ಕ. 100 ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ಪುಟಕ್ಕೆ ಮೇಲಿಂದ ಕೆಳಗೆ ಗೆರೆ ಹಾಕಿ ಆರು ಅಂಕಣ ಮಾಡಿ: ದಿನಾಂಕ, ತರಗತಿ, ಎಷ್ಟನೇ ಪಿರಿಯಡ್, ವೇಳಾಪಟ್ಟಿಯಲ್ಲಿದ್ದ ವಿಷಯ, ನಿಜಕ್ಕೂ ಏನಾಯಿತು, ಇಬ್ಬರ ಸಹಿ. ಒಂದು ಸಾಲು ಹೀಗಿರಲಿ: "ಜುಲೈ 8, ಹತ್ತನೇ ತರಗತಿ, 3ನೇ ಪಿರಿಯಡ್, ಗಣಿತ, ಪಾಠ ಇಲ್ಲ, ಕನ್ನಡ ಮೇಡಂ ಬಂದು ಕಾಪಿ ಬರೆಸಿದರು." ಅಷ್ಟೇ. "ಯಾರೂ ಕೇಳುವವರಿಲ್ಲ", "ನಮ್ಮ ಗತಿ ಏನು" ಎಂದೆಲ್ಲ ಅದರಲ್ಲಿ ಬರೆಯಬೇಡಿ. ಪ್ರತಿ ತರಗತಿಗೆ ಇಬ್ಬರು ಹೊಣೆ ಹೊರಲಿ, ಒಬ್ಬರು ಜ್ವರ ಬಂದು ಮಲಗಿದರೂ ಲೆಕ್ಕ ನಿಲ್ಲಬಾರದು.

ಇದು ಕೆಡುವುದು ಎರಡು ಕಡೆ. ಒಂದು, ವಾರವೆಲ್ಲ ಬಿಟ್ಟು ಶನಿವಾರ ಒಟ್ಟಿಗೆ ಬರೆಯುವುದು. ಒಂದೇ ಪೆನ್ನು, ಒಂದೇ ಕೈಬರಹ, ಪುಟ ತಿರುಗಿಸಿದ ಕೂಡಲೇ ಗೊತ್ತಾಗುತ್ತದೆ. ಇನ್ನೊಂದು, ನಮ್ಮ ಕಡೆಯ ವಿಶೇಷ: ಜಿಲ್ಲಾಧಿಕಾರಿಗಳು ಕೊಟ್ಟ ಮಳೆ ರಜೆಯನ್ನೂ "ಪಾಠ ಇಲ್ಲ" ಲೆಕ್ಕಕ್ಕೆ ಸೇರಿಸುವುದು. ಅಧಿಕಾರಿ ಅಂಥ ಎರಡು ದಿನ ಹಿಡಿದರೆ ಸಾಕು, ಉಳಿದ ನಲವತ್ತು ಸಾಲನ್ನೂ ನಂಬುವುದಿಲ್ಲ. ಆ ದಿನಗಳಿಗೆ "ಮಳೆ ರಜೆ" ಎಂದೇ ಬರೆದು ಲೆಕ್ಕದಿಂದ ಹೊರಗಿಡಿ.

ನಾಲ್ಕು ವಾರದ ಲೆಕ್ಕ ಸಿಕ್ಕ ಮೇಲೆ ಅರ್ಜಿ. ಒಂದೇ ಪುಟ, ಒಂದೇ ಬೇಡಿಕೆ. ಶೌಚಾಲಯ, ಕಾಂಪೌಂಡು, ಬಸ್ಸು ಎಲ್ಲ ಸೇರಿಸಿದರೆ ಅವರು ಸುಲಭದ್ದೊಂದನ್ನು ಮಾಡಿ "ಕ್ರಮ ಕೈಗೊಂಡಿದೆ" ಎಂದು ಬರೆಯುತ್ತಾರೆ. ಬಸ್ಸಿನ ವೇಳೆ ಸಾರಿಗೆ ಡಿಪೋಗೆ, ಕಾಲುಸಂಕ ಗ್ರಾಮ ಪಂಚಾಯಿತಿಗೆ, ಪ್ರತಿಯೊಂದಕ್ಕೂ ಬೇರೆ ಕಾಗದ. ಅರ್ಜಿಯ ಕೆಳಗೆ ಮಕ್ಕಳ ಸಹಿ ಇರಲಿ, ಪಕ್ಕದಲ್ಲೇ ಪೋಷಕರ ಸಹಿಯೂ ಇರಲಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿಸಿ, ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆಸಿ, ಅದರ ನಕಲು ಜೋಡಿಸಿ. ಎರಡು ಪ್ರತಿ ಒಯ್ದು, ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡು ಬನ್ನಿ. ಸೀಲಿಲ್ಲದ ಅರ್ಜಿ ಕೊಟ್ಟಂತಲ್ಲ.

ಉತ್ತರ (ವಕೀಲರು, ಸಾಗರ): ಮೇಲಿನದಕ್ಕೆ ಎರಡು ಸೇರಿಸುತ್ತೇನೆ. ಶಿಕ್ಷಕರು ನಿಯೋಜನೆಯಲ್ಲಿದ್ದಾರೋ ಇಲ್ಲವೋ ಅನ್ನುವುದನ್ನು ಊಹಿಸಬೇಡಿ, ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಿ. ಪೋಷಕರೊಬ್ಬರ ಹೆಸರಿನಲ್ಲಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಬಿಇಒ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ, ಕಾರ್ಡಿನ ನಕಲು ಇಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. "ಯಾಕೆ ಕೊಟ್ಟಿಲ್ಲ" ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ತಳ್ಳುತ್ತಾರೆ. "ಈ ಶಾಲೆಗೆ ಮಂಜೂರಾದ ಹುದ್ದೆಗಳ ಪಟ್ಟಿ, ಪಿಸಿಎಂ ಶಿಕ್ಷಕರ ನಿಯೋಜನೆ ಆದೇಶದ ನಕಲು" ಎಂದು ದಾಖಲೆಯನ್ನೇ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಇನ್ನೊಂದು ವಿಷಯ ಬಹಳ ಜನ ತಪ್ಪು ತಿಳಿದಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, ಎಂಟನೇ ತರಗತಿವರೆಗೆ ಮಾತ್ರ. ಹತ್ತನೆಯವರು ಅದನ್ನು ಹಿಡಿದು ವಾದ ಮಾಡಿದರೆ ಮೊದಲ ಮಾತಿಗೇ ಸೋಲುತ್ತಾರೆ. ಆದರೆ ನಿಮ್ಮ ಶಾಲೆಯಲ್ಲಿ ಎಂಟನೆಯವರೂ ಇದ್ದಾರಲ್ಲ! ಆರರಿಂದ ಎಂಟಕ್ಕೆ ವಿಜ್ಞಾನ-ಗಣಿತಕ್ಕೆ ಒಬ್ಬ ಶಿಕ್ಷಕರು ಇರಲೇಬೇಕು, ವರ್ಷಕ್ಕೆ 220 ಬೋಧನಾ ದಿನ ನಡೆಯಬೇಕು ಎಂದು ಆ ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಆದ್ದರಿಂದ ಎಂಟನೆಯವರ ಪೋಷಕರು 32ನೇ ಕಲಂ ಅಡಿ ಪ್ರತ್ಯೇಕ ದೂರು ಕೊಡಲಿ. ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು, ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಶಿಕ್ಷಕರು ಬಂದರೆ ಮೂರೂ ತರಗತಿಗೆ ಬಂದಂತೆ.

ಪ್ರಶ್ನೆ (ಒಂಬತ್ತನೇ ತರಗತಿ ಹುಡುಗನ ಅಮ್ಮ): ಸಹಿ ಹಾಕಿದ ಮಕ್ಕಳಿಗೆ ಟಿಸಿ ಕೊಡ್ತೇವೆ ಅಂತ ಹೆದರಿಸಿದರೆ?

ಉತ್ತರ (ವಕೀಲರು): ಎಂಟನೆಯವರೆಗಿನ ಮಗುವನ್ನು ಶಾಲೆಯಿಂದ ತೆಗೆಯುವಂತಿಲ್ಲ, ಮಾನಸಿಕ ಹಿಂಸೆ ಕೊಡುವಂತಿಲ್ಲ: ಅದೇ ಶಿಕ್ಷಣ ಹಕ್ಕು ಕಾಯ್ದೆಯ 16 ಮತ್ತು 17ನೇ ಕಲಂ. ಒಂಬತ್ತು, ಹತ್ತರವರ ವಿಷಯದಲ್ಲಿ ಅರ್ಜಿಯ ಮೊದಲ ಸಹಿ ಪೋಷಕರದ್ದೇ ಇರಲಿ, ಬೈಗುಳ ಬಿದ್ದರೂ ದೊಡ್ಡವರ ಮೇಲೆ ಬೀಳಲಿ. ಬೆದರಿಕೆ ಬಂದ ದಿನವೇ, ಹೇಳಿದ ಮಾತನ್ನು ಹೇಳಿದಂತೆಯೇ ಬರೆದು ದಿನಾಂಕ ಹಾಕಿಡಿ. ಮಗು ಶಾಲೆಗೇ ಹೋಗಲು ಹೆದರುವಂತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಉತ್ತರ (ನಿವೃತ್ತ ಮುಖ್ಯಶಿಕ್ಷಕರು): ಮಕ್ಕಳು ನೇರವಾಗಿ ಮಾತಾಡುವ ಜಾಗವೂ ಒಂದಿದೆ, ಮರೆಯಬೇಡಿ. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆ, ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ನಡೆಯುತ್ತದೆ. ಅಷ್ಟರಲ್ಲಿ ನಿಮ್ಮ ನೋಟ್‌ಬುಕ್ ತುಂಬಿರುತ್ತದೆ. ಒಬ್ಬರು ಎದ್ದು "ಇಷ್ಟು ವಾರದಲ್ಲಿ ಇಷ್ಟು ಗಣಿತದ ಪಿರಿಯಡ್ ನಡೆದಿಲ್ಲ" ಎಂದು ಅಂಕಿ ಓದಿ, ಪಿಡಿಒ ಅದನ್ನು ನಡಾವಳಿಯಲ್ಲಿ ಬರೆಯುವವರೆಗೆ ನಿಂತೇ ಇರಿ. ಆ ಪುಟದ ನಕಲನ್ನು ಶಿವಮೊಗ್ಗದ ಡಿಡಿಪಿಐ (ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು) ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಹತ್ತನೆಯವರು ಮಾರ್ಚಿಗೆ ಹೊರಟುಹೋಗುತ್ತೀರಿ, ಆದ್ದರಿಂದ ನೋಟ್‌ಬುಕ್ಕನ್ನೂ ಸೀಲಾದ ಪ್ರತಿಗಳನ್ನೂ ಈಗಲೇ ಒಂಬತ್ತನೆಯವರಿಗೆ ತೋರಿಸಿ ಕಲಿಸಿಡಿ. ವರ್ಗಾವಣೆ ಆದ ಮೇಲೆ ಹುದ್ದೆ ಮತ್ತೆ ಖಾಲಿಯಾದರೆ ಜೂನ್ ಮೊದಲ ವಾರದಲ್ಲೇ ಅರ್ಜಿ ಕೊಡುವವರು ಅವರು.