ಪದಚರ್ಚೆ: ಗ್ಯಾಸ್ ತಪಾಸಣೆಯ ‘ಅಟ್ ರಿಸ್ಕ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬ್ರಿಟನ್ನಿನಲ್ಲಿ ಬಾಡಿಗೆ ಮನೆಗಳಲ್ಲಿರುವ ಕನ್ನಡದವರಿಗಾಗಿ ಗ್ಯಾಸ್ ತಪಾಸಣೆ ಬಗ್ಗೆ ಒಂದು ಪುಟದ ವಿವರಣೆ ಬರೆಯುತ್ತಿದ್ದೇನೆ. ಮಗ ಸೊಸೆ ಕೆಲಸಕ್ಕೆ ಹೋದಾಗ ಎಂಜಿನಿಯರ್‌ಗೆ ಬಾಗಿಲು ತೆಗೆಯುವವರು ಎಷ್ಟೋ ಸಲ ಊರಿಂದ ಬಂದ ಅಪ್ಪ ಅಮ್ಮ. ಅವರೂ ಸಲೀಸಾಗಿ ಓದುವಂತಿರಬೇಕು. ಉಳಿದದ್ದೆಲ್ಲ ಹೇಗೋ ಆಗಿದೆ. ಎರಡು ಪದಗಳ ಹತ್ತಿರ ಬಂದು ಕೈ ನಿಂತಿದೆ. ನಿಮ್ಮ ಸಲಹೆ ಬೇಕು.

ಹಿನ್ನೆಲೆ ಇಷ್ಟು. ಅಲ್ಲಿ 1998ರ ಗ್ಯಾಸ್ ಸುರಕ್ಷತಾ ನಿಯಮಗಳ ಪ್ರಕಾರ ಮನೆ ಮಾಲೀಕರು ತಾವು ಒದಗಿಸಿರುವ ಬಾಯ್ಲರ್, ಹೀಟರ್, ಒಲೆಗಳನ್ನು 12 ತಿಂಗಳಿಗೊಮ್ಮೆ ತಪಾಸಣೆ ಮಾಡಿಸಬೇಕು. ವರದಿಯ ಪ್ರತಿ 28 ದಿನದೊಳಗೆ ಬಾಡಿಗೆದಾರರ ಕೈ ಸೇರಬೇಕು. ತಪಾಸಣೆಗೆ ಬರುವವರ ಹೆಸರು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ, ಅಂದರೆ ಗ್ಯಾಸ್ ಎಂಜಿನಿಯರ್‌ಗಳ ಅಧಿಕೃತ ಪಟ್ಟಿಯಲ್ಲಿ, ಇರಬೇಕು. (2009ರ ಏಪ್ರಿಲ್‌ಗೆ ಮುಂಚೆ ಇದರ ಜಾಗದಲ್ಲಿ ಕಾರ್ಗಿ (CORGI) ಅನ್ನುವ ಪಟ್ಟಿ ಇತ್ತು. ಹಳಬರ ಬಾಯಲ್ಲಿ ಆ ಹೆಸರು ಇನ್ನೂ ಇದೆ.) ಅಪಾಯಕ್ಕೆ ದಾರಿಯಾಗುವ ದೋಷ ಕಂಡರೆ ಎಂಜಿನಿಯರ್ ಅದನ್ನು ಎರಡರಲ್ಲಿ ಒಂದು ವರ್ಗಕ್ಕೆ ಹಾಕುತ್ತಾರೆ. ಒಂದು ‘ಇಮ್ಮೀಡಿಯೇಟ್ಲಿ ಡೇಂಜರಸ್’, ಇನ್ನೊಂದು ‘ಅಟ್ ರಿಸ್ಕ್’. ಹಿಂದೆ ‘ನಾಟ್ ಟು ಕರೆಂಟ್ ಸ್ಟ್ಯಾಂಡರ್ಡ್ಸ್’ (ಈಗಿನ ಮಾನದಂಡಕ್ಕೆ ತಕ್ಕಂತಿಲ್ಲ) ಅಂತ ಮೂರನೆಯದೂ ಇತ್ತು. ಈಗಿನ ಪದ್ಧತಿಯಲ್ಲಿ ಅದಿಲ್ಲ. ನನಗಂತೂ ಒಂದು ತಲೆನೋವು ಕಡಿಮೆಯಾಯ್ತು.

ಎರಡಕ್ಕೂ ಸುಮ್ನೆ ‘ಅಪಾಯಕಾರಿ’ ಅಂದುಬಿಟ್ಟರೆ ಸಾಕಲ್ವಾ ಅಂತ ಒಬ್ಬರು ಕೇಳಿದರು. ಸಾಲದು. ಯಾಕೆ ಅಂತ ಒಂದು ಉದಾಹರಣೆಯಿಂದ ಹೇಳುತ್ತೇನೆ.

ಕೋಣೆಯ ಗಾಳಿಯನ್ನೇ ಎಳೆದುಕೊಂಡು ಉರಿಯುವ ಹಳೆಯ ಮಾದರಿಯ ಬಾಯ್ಲರ್ ಒಂದಿದೆ ಅಂತಿಟ್ಟುಕೊಳ್ಳಿ. ಅದಕ್ಕಾಗಿ ಗೋಡೆಯಲ್ಲಿ ಗಾಳಿಕಿಂಡಿ ಇರಬೇಕು. ಚಳಿಗಾಳಿ ಬರುತ್ತದೆ ಅಂತ ಯಾರೋ ಆ ಕಿಂಡಿಯನ್ನು ಗಾರೆ ಹಾಕಿ ಮುಚ್ಚಿದ್ದಾರೆ. ಎಂಜಿನಿಯರ್ ಕಿಟಕಿ ಬಾಗಿಲು ಮುಚ್ಚಿ, ಬಾಯ್ಲರ್ ಹಚ್ಚಿ, ಕೆಲವು ನಿಮಿಷ ಬಿಸಿಯಾಗಲು ಬಿಡುತ್ತಾರೆ. ಆಮೇಲೆ ಹೊಗೆ ಬಿಡುವ ಒಂದು ಕಡ್ಡಿ ಗೀರಿ, ಉರಿದ ಗಾಳಿ ಚಿಮಣಿಗೆ ಹೋಗುವ ಬಾಯಿಯ ಅಂಚಿನಲ್ಲಿ ಹಿಡಿಯುತ್ತಾರೆ. ಪಕ್ಕದಲ್ಲಿ ಎಕ್ಸಾಸ್ಟ್ ಫ್ಯಾನ್ ಇದ್ದರೆ ಅದನ್ನೂ ಹಾಕಿ ನೋಡುತ್ತಾರೆ. ಕಡ್ಡಿಯ ಹೊಗೆ ಒಳಕ್ಕೆ ಎಳೆದುಕೊಂಡು ಮೇಲೆ ಹೋದರೆ ಸದ್ಯಕ್ಕೆ ಚಿಮಣಿ ಕೆಲಸ ಮಾಡುತ್ತಿದೆ. ಆದರೆ ಗಾಳಿ ಸಾಲದು, ಇನ್ನೊಂದು ದಿನ ಕೈ ಕೊಡಬಹುದು. ಆಗ ಅದು ಸಾಮಾನ್ಯವಾಗಿ ‘ಅಟ್ ರಿಸ್ಕ್’. ಅದೇ ಹೊಗೆ ಕೋಣೆಯ ಕಡೆಗೇ ತಿರುಗಿ ಬಂದರೆ, ಬಾಯ್ಲರ್ ಉಗುಳುವ ಗಾಳಿಯೂ ಜನ ಉಸಿರಾಡುವ ಜಾಗಕ್ಕೇ ಬರುತ್ತಿದೆ ಅಂತ ಅರ್ಥ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ‘ಇಮ್ಮೀಡಿಯೇಟ್ಲಿ ಡೇಂಜರಸ್’.

ಮುಚ್ಚಿದ ಕಿಂಡಿ ಒಂದೇ. ವರ್ಗ ಮಾತ್ರ ಬೇರೆ. ದೋಷ ದೊಡ್ಡದೋ ಚಿಕ್ಕದೋ ಅನ್ನುವುದಕ್ಕಿಂತ ಅಪಾಯ ಈಗಾಗಲೇ ಬಂದಿದೆಯೋ, ಬರುವ ದಾರಿಯಲ್ಲಿದೆಯೋ ಅನ್ನುವುದೇ ಇಲ್ಲಿ ಮುಖ್ಯ. ಮುಂದಿನ ಕ್ರಮವೂ ಬೇರೆ. ಮೊದಲನೆಯ ವರ್ಗಕ್ಕೆ, ಅಂದರೆ ‘ಇಮ್ಮೀಡಿಯೇಟ್ಲಿ ಡೇಂಜರಸ್’ಗೆ, ಮನೆಯವರ ಒಪ್ಪಿಗೆ ಕೇಳಿ ಪೈಪ್ ಬಿಚ್ಚಿ ಮುಚ್ಚಳ ಹಾಕುತ್ತಾರೆ. ಎರಡನೆಯದಾದ ‘ಅಟ್ ರಿಸ್ಕ್’ಗೆ ಒಪ್ಪಿಗೆ ಕೇಳಿ ಗ್ಯಾಸ್ ಬಂದ್ ಮಾಡುತ್ತಾರೆ. ಎರಡಕ್ಕೂ ಎಚ್ಚರಿಕೆ ಚೀಟಿ ಅಂಟಿಸುತ್ತಾರೆ. ಮೊದಲನೆಯದಕ್ಕೆ ಮನೆಯವರು ಒಪ್ಪದಿದ್ದರೆ ಎಂಜಿನಿಯರ್ ಜಗಳಕ್ಕೆ ನಿಲ್ಲುವುದಿಲ್ಲ, ಗ್ಯಾಸ್ ತುರ್ತುಸೇವೆಗೆ ಫೋನ್ ಮಾಡುತ್ತಾರೆ. ಒಳಗೆ ಬಂದು ಸಂಪರ್ಕ ತೆಗೆಯುವ ಅಧಿಕಾರ ಕಾನೂನಿನಲ್ಲಿ ಆ ತುರ್ತುಸೇವೆಯವರಿಗಿದೆ.

ಈಗ ಪದಗಳಿಗೆ ಬರೋಣ.

ಮೊದಲನೆಯದು ಅಷ್ಟು ಕಷ್ಟ ಇಲ್ಲ. ‘ತಕ್ಷಣದ ಅಪಾಯ’ ಅಂತ ಬರೆದಿದ್ದೆ, ಆಮೇಲೆ ತೆಗೆದೆ. ನಮ್ಮಲ್ಲಿ ‘ತಕ್ಷಣ’ ಮಾಡುವ ಕೆಲಸಕ್ಕೆ ಅಂಟಿಕೊಳ್ಳುತ್ತದೆ: ತಕ್ಷಣ ಬಾ, ತಕ್ಷಣ ನಿಲ್ಲಿಸು. ‘ಪ್ರಾಣಾಪಾಯ’ ಗಟ್ಟಿಯಾಗಿ ಕೇಳುತ್ತದೆ, ಆದರೆ ಮೂಲದಲ್ಲಿರುವುದು ಪ್ರಾಣಕ್ಕೆ ಅಥವಾ ಆಸ್ತಿಗೆ ಅಪಾಯ. ‘ಗಂಡಾಂತರ’ ಅಂದರೆ ಜಾತಕ ತೋರಿಸಬೇಕು ಅನ್ನಿಸೀತು. ಸದ್ಯಕ್ಕೆ ‘ಈಗಲೇ ಅಪಾಯ’ ಅಂತ ಇಟ್ಟಿದ್ದೇನೆ. ಆ ‘ಲೇ’ ಸಾಕಷ್ಟು ಕೆಲಸ ಮಾಡುತ್ತದೆ.

‘ಅಟ್ ರಿಸ್ಕ್’ ಇದೆಯಲ್ಲ, ಅದೇ ಜಗ್ಗುತ್ತಿಲ್ಲ. ‘ಅಪಾಯದಲ್ಲಿದೆ’ ಅನ್ನುವುದನ್ನು ಕೆಲವು ಕಡೆ ನೋಡಿದ್ದೇನೆ. ಕನ್ನಡದಲ್ಲಿ ಅಪಾಯದಲ್ಲಿ ಇರುವವರು ಅಪಾಯಕ್ಕೆ ಸಿಕ್ಕಿದವರು. ‘ಬಾಯ್ಲರ್ ಅಪಾಯದಲ್ಲಿದೆ’ ಅಂದರೆ ಪಾಪ, ಯಾರಾದರೂ ಹೋಗಿ ಬಾಯ್ಲರನ್ನು ಕಾಪಾಡಬೇಕು! ‘ಸಂಭಾವ್ಯ ಅಪಾಯ’ ಸರಕಾರಿ ಸುತ್ತೋಲೆಗೆ ಸರಿ, ಬಾಗಿಲು ತೆಗೆಯುವ ಅಜ್ಜಿಗೆ ಅಲ್ಲ. ‘ಮುಂದೆ ಅಪಾಯ’ ಅಂದರೆ ಘಾಟಿ ರಸ್ತೆಯ ಬೋರ್ಡ್ ನೆನಪಾಗುತ್ತದೆ. ನಮ್ಮ ‘ಮುಂದೆ’ ಕಾಲಕ್ಕೂ ಆಗುತ್ತದೆ, ಜಾಗಕ್ಕೂ ಆಗುತ್ತದೆ. ಬಾಯ್ಲರ್ ಮೇಲೆ ಅಂಟಿಸಿದ ಚೀಟಿಯಲ್ಲಿ ಅದು ಜಾಗದ ಮಾತಾಗಿಬಿಡಬಹುದು.

ಹಾಗಾದರೆ ‘ರಿಸ್ಕ್’ ಅಂತಲೇ ಇಡೋಣವೇ? ಎಲ್ಲರಿಗೂ ಗೊತ್ತಿರುವ ಪದ ತಾನೇ? ನನ್ನ ತಕರಾರು ಇಲ್ಲೇ ಇರುವುದು. ಕನ್ನಡಕ್ಕೆ ಬಂದ ‘ರಿಸ್ಕ್’ ಹೆಚ್ಚಾಗಿ ‘ತಗೊಳ್ಳುವ’ ವಸ್ತು. ಬೇಕಾದರೆ ತಗೊಳ್ಳಬಹುದು, ಬೇಡವಾದರೆ ಬಿಡಬಹುದು. ‘ಸ್ವಲ್ಪ ರಿಸ್ಕ್ ಇದೆ’ ಅಂತ ಓದಿದವರು ‘ಪರವಾಗಿಲ್ಲ, ಇವತ್ತೊಂದು ದಿನ ಬಿಸಿನೀರು ಕಾಯಿಸಿಕೊಳ್ಳೋಣ’ ಅಂತ ವಾಲ್ವ್ ತಿರುಗಿಸಿಯೇ ತಿರುಗಿಸುತ್ತಾರೆ. ಆದರೆ ಅಸುರಕ್ಷಿತ ಅಂತ ಗೊತ್ತಿದ್ದೂ ಗ್ಯಾಸ್ ಉಪಕರಣ ಬಳಸುವುದು 1998ರ ಆ ನಿಯಮಗಳ ಪ್ರಕಾರ ತಪ್ಪು. ಎರಡನೆಯ ವರ್ಗಕ್ಕೂ ಅದು ಅನ್ವಯಿಸುತ್ತದೆ. ಹಾಗಾಗಿ ನಮ್ಮ ಪದ ಸಲಿಗೆ ಕೊಡಬಾರದು.

ಇದು ಬರೀ ಅತಿ ಎಚ್ಚರ ಅನ್ನಬೇಡಿ. ಬಾಯ್ಲರ್ ಚೆನ್ನಾಗಿಯೇ ಓಡುತ್ತಿದ್ದರೂ ‘ಅಟ್ ರಿಸ್ಕ್’ ಬರುವುದುಂಟು. ಕೆಲವು ಫ್ಲ್ಯಾಟ್‌ಗಳಲ್ಲಿ ಬಾಯ್ಲರ್‌ನ ಹೊಗೆಕೊಳವೆ ಛಾವಣಿಯ ಹಲಗೆ ಹಿಂದೆ ಮುಚ್ಚಿಹೋಗಿರುತ್ತದೆ. ಅದರ ಕೀಲು ಬಿಟ್ಟಿದೆಯೋ ಇಲ್ಲವೋ ನೋಡಲು ಮುಚ್ಚಳ ತೆಗೆಯುವ ಕಿಂಡಿ ಇಲ್ಲದಿದ್ದರೆ, 2013ರ ಜನವರಿಯಿಂದ ಅದನ್ನು ‘ಅಟ್ ರಿಸ್ಕ್’ ಅಂತಲೇ ಬರೆಯುತ್ತಿದ್ದಾರೆ. ಯಾವ ದೋಷವೂ ಕಂಡಿಲ್ಲ. ನೋಡಲು ಆಗದೇ ಇರುವುದೇ ದೋಷ. ಇಂಥ ಕಡೆ ‘ಅಪಾಯಕಾರಿ’ ಅಂತ ಬರೆದರೆ ಮನೆಯವರು ‘ಎಲ್ಲಿದೆ ತೋರಿಸಿ’ ಅನ್ನುತ್ತಾರೆ. ಅದೂ ನ್ಯಾಯವೇ.

ನನಗೆ ಹೊಳೆದ ಒಂದು ದಾರಿ ಇದು. ಮಗು ಕಟ್ಟೆ ಹತ್ತಿದರೆ ನಾವು ‘ಬೀಳಬಹುದು’ ಅನ್ನುವುದಿಲ್ಲ, ‘ಬಿದ್ದೀಯ, ಜೋಕೆ’ ಅನ್ನುತ್ತೇವೆ. ‘ಬಹುದು’ ಅನ್ನುವುದರಲ್ಲಿ ಅನುಮತಿಯ ಎಳೆಯೂ ಇದೆ, ಮಾಡಬಹುದು, ಹೋಗಬಹುದು ಅಂದ ಹಾಗೆ. ‘ಬಿದ್ದೀಯ’, ‘ಆದೀತು’, ‘ತಂದೀತು’ ರೂಪಗಳಲ್ಲಿ ಸಾಧ್ಯತೆಯ ಜೊತೆಗೆ ಎಚ್ಚರಿಕೆಯೂ ಬರುತ್ತದೆ. ಹಾಗಾಗಿ ‘ಅಪಾಯ ತಂದೀತು’ ಅಂತ ಇಟ್ಟರೆ ಹೇಗೆ? ‘ಈಗಲೇ ಅಪಾಯ’ದ ಪಕ್ಕದಲ್ಲಿ ‘ಅಪಾಯ ತಂದೀತು’. ಎರಡನ್ನೂ ಜೊತೆಗೆ ಓದಿದರೆ ವ್ಯತ್ಯಾಸ ಥಟ್ಟನೆ ತಿಳಿಯುತ್ತದೆ ಅಂತ ನನ್ನ ಅನಿಸಿಕೆ.

ತೊಡಕು ಎರಡು. ಒಂದು, ವರ್ಗದ ಹೆಸರು ಕ್ರಿಯಾಪದದಲ್ಲಿ ಮುಗಿಯುವುದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ‘ಅಪಾಯ ತರುವಂಥದ್ದು’ ಅಂತ ತಿದ್ದಬಹುದು, ಆದರೆ ಆ ಎಚ್ಚರಿಕೆಯ ದನಿ ಹೋಗಿಬಿಡುತ್ತದೆ. ಇನ್ನೊಂದು, ಈ ರೂಪ ಈಗಿನ ಪಟ್ಟಣದ ಹುಡುಗರ ಮಾತಿನಲ್ಲಿ ಎಷ್ಟು ಉಳಿದಿದೆ? ಓದಿದರೆ ಅರ್ಥವಾಗುತ್ತದೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಹಳೇ ಕಾಲದ್ದು ಅನ್ನಿಸುತ್ತದೆಯೇ ಅನ್ನುವುದು ಪ್ರಶ್ನೆ.

ಚೀಟಿಯ ಮೇಲಿನ ಮಾತಿಗೂ ಒಂದು ಸಲಹೆ ಬೇಕು. ‘ಬಳಸಬೇಡಿ’ ಕೇಳಿಕೊಂಡ ಹಾಗೆ, ‘ಬಳಸಬಾರದು’ ನೀತಿ ಹೇಳಿದ ಹಾಗೆ. ನನ್ನ ಒಲವು ‘ಬಳಸಕೂಡದು’ ಕಡೆಗೆ. ಬಂದ್ ಮಾಡುವುದಕ್ಕೆ ‘ಆರಿಸಿ’ ಅಂತ ಮಾತ್ರ ಬರೆಯುವುದಿಲ್ಲ. ನಮೂನೆಯಲ್ಲಿ ಅದನ್ನು ಓದಿದವರು ಎರಡರಲ್ಲಿ ಒಂದನ್ನು ಆಯ್ದು ಗುರುತು ಹಾಕಿಬಿಟ್ಟಾರು.

ಧಾರವಾಡ, ಮಂಗಳೂರು ಕಡೆಯವರು ವಿಶೇಷವಾಗಿ ಹೇಳಿ: ನಿಮ್ಮ ಮನೆಮಾತಿನಲ್ಲಿ ‘ತಂದೀತು’ ಎಚ್ಚರಿಕೆಯಾಗಿ ಕೇಳುತ್ತದೆಯೋ, ಬರೀ ಅನುಮಾನವಾಗಿ ಕೇಳುತ್ತದೆಯೋ?